ಬಾವಲಿಯ ನಡುಗಡ್ಡೆಗಳಿಗೆ ಪ್ರಜಾಪ್ರಭುತ್ವ ಬಂದ ಬಗೆ

ಸಂಜೆ ಆರಾದರೆ ಎಚ್.ಡಿ. ಕೋಟೆ ಕಡೆಯಿಂದ ಮಾನಂದವಾಡಿಗೆ ಹೋಗುವ ಕಾಡುದಾರಿಯ ಗೇಟು ಬೀಳುತ್ತದೆ. ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆ ದಾರಿಯ ಕೊನೆಯಲ್ಲಿ ಒಂದು ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯಾಚೆ ಬಾವಲಿ. ಈಚೆ ಮಚ್ಚೂರು, ಡಿ.ಬಿ. ಕುಪ್ಪೆ, ಆಚೆ ವಯನಾಡಿನ ತಿರುನೆಲ್ಲಿ ಪಂಚಾಯಿತಿ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ವಯನಾಡು ವನ್ಯಧಾಮ. ಎರಡರ ನಡುವೆ ಅಲ್ಲಲ್ಲಿ ಗದ್ದೆಬಯಲು, ಬಯಲಿನ ಅಂಚಿಗೆ ಗುಡಿಸಲು, ಹೆಂಚಿನ ಮನೆ.

ಸ್ವಲ್ಪ ದೂರದಲ್ಲಿ ಕಬಿನಿಯಲ್ಲಿ ಕುರುವಾ ಎಂಬ ನಿಜವಾದ ದ್ವೀಪವೇ ಇದೆ. ಪ್ರವಾಸಿಗರು ಹುಡುಕಿಕೊಂಡು ಹೋಗುವುದು ಅದನ್ನು. ಅಲ್ಲಿ ಜನವಸತಿ ಇಲ್ಲ. ಜನ ಬದುಕುವ ನಡುಗಡ್ಡೆಗಳು ನೀರಿನ ನಡುವೆ ಇಲ್ಲ, ಕಾಡಿನ ನಡುವೆ ಇವೆ.

ಇಲ್ಲಿಯ ಆದಿವಾಸಿಗಳಾದ ಅಡಿಯರು ತಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತಾರೆ. ಇದೇ ಜನ ಕೊಡಗಿಗೆ ಬಂದರೆ ಪಂಜಿರಿ ಯರವರು. ಪಣಿಯರು ಅಲ್ಲಿ ಪಣಿ ಯರವರು. ವಯನಾಡಿನ ಕಾಟ್ಟುನಾಯ್ಕರು ನಮ್ಮ ಜೇನುಕುರುಬರೇ, ಮನೆಯಲ್ಲಿ ಆಡುವುದೂ ಕನ್ನಡದ್ದೇ ಒಂದು ರೂಪ. ಸೇತುವೆ ದಾಟಿದರೆ ಹೆಸರು ಬದಲಾಗುತ್ತದೆ, ಸರ್ಕಾರ ಬದಲಾಗುತ್ತದೆ. ಮದುವೆ, ತಿಥಿ, ಕೂಲಿಗೆ ಮಾತ್ರ ಗಡಿ ಇಲ್ಲ.

ಈ ಜನರನ್ನು ಆಳಿದ್ದು ಯಾರು ಎಂದು ಕೇಳಿದರೆ ಪಠ್ಯಪುಸ್ತಕ ಕೋಟ್ಟಯಂ ಅರಸರು, ಪಳಶ್ಶಿ ರಾಜ, ಬ್ರಿಟಿಷರು ಎಂದು ಪಟ್ಟಿ ಕೊಡುತ್ತದೆ. ಅಡಿಯರಿಗೆ ಸರ್ಕಾರ ಎಂದರೆ ಜನ್ಮಿ, ಅಂದರೆ ಗದ್ದೆಯ ಧಣಿ. ಮಾನಂದವಾಡಿಯ ಹತ್ತಿರ ಕಬಿನಿ ದಂಡೆಯಲ್ಲಿ ವಳ್ಳಿಯೂರ್‌ಕಾವು ಎಂಬ ಭಗವತಿ ಕ್ಷೇತ್ರವಿದೆ. ಮಾರ್ಚಿನಲ್ಲಿ, ಮೀನ ಮಾಸದಲ್ಲಿ, ಅಲ್ಲಿ ಎರಡು ವಾರದ ಜಾತ್ರೆ. ಗದ್ದೆ ಇದ್ದ ಧಣಿಗಳು ಆ ಜಾತ್ರೆಗೆ ಬರುತ್ತಿದ್ದದ್ದು ದೇವಿ ದರ್ಶನಕ್ಕಷ್ಟೇ ಅಲ್ಲ. ಅಡಿಯ, ಪಣಿಯ ಕುಟುಂಬಗಳ ಮುಂದಿನ ಒಂದು ವರ್ಷ ಅಲ್ಲೇ ತೀರ್ಮಾನವಾಗುತ್ತಿತ್ತು. ಧಣಿ ಕೊಡುವ ಸಣ್ಣ ಮುಂಗಡಕ್ಕೆ ನಿಲ್ಪು ಪಣ ಎಂದು ಹೆಸರು. ಅದನ್ನು ಕೈಗೆ ತೆಗೆದುಕೊಂಡು ದೇವಿಯ ಎದುರು ಒಪ್ಪಿಕೊಂಡರೆ ಮುಂದಿನ ಜಾತ್ರೆಯವರೆಗೆ ಗಂಡ, ಹೆಂಡತಿ, ಮಕ್ಕಳು ಆ ಧಣಿಯ ಗದ್ದೆಯಲ್ಲೇ ಇರಬೇಕು. ಕೂಲಿ ಭತ್ತದ ಲೆಕ್ಕದಲ್ಲಿ. ಅಳೆಯುವ ಕೊಳಗ ಧಣಿಯದು, ಅಳೆಯುವ ಕೈಯೂ ಅವನದೇ. ಕಾಗದಪತ್ರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾತು ತಪ್ಪಿದರೆ ಭಗವತಿ ಮುನಿಯುತ್ತಾಳೆ ಎಂಬ ಭಯವೇ ಪೊಲೀಸು, ಅದೇ ಕೋರ್ಟು. ದೇಶ ಸ್ವತಂತ್ರವಾಗಿ ಸಂವಿಧಾನ ಬಂದು ಇಪ್ಪತ್ತು ವರ್ಷ ಕಳೆದರೂ ಈ ವ್ಯವಹಾರ ನಡೆದೇ ಇತ್ತು. ಅಷ್ಟರೊಳಗೆ ಕೇರಳ ಕಮ್ಯುನಿಸ್ಟ್ ಸರ್ಕಾರವನ್ನು ಎರಡು ಬಾರಿ ಆರಿಸಿ ನೋಡಿತ್ತು.

ತಿರುನೆಲ್ಲಿಯ ಈ ಬದುಕನ್ನೇ ಪಿ. ವತ್ಸಲಾ ‘ನೆಲ್ಲು’ ಕಾದಂಬರಿಯಲ್ಲಿ ಬರೆದರು. 1974ರಲ್ಲಿ ರಾಮು ಕಾರ್ಯಾಟ್ ಅದನ್ನು ಸಿನಿಮಾ ಮಾಡಿದರು. ಆದರೆ ಕೇರಳದ ಉಳಿದ ಭಾಗ ಈ ಕಡೆ ತಿರುಗಿ ನೋಡಿದ್ದು ಅದಕ್ಕೂ ಮೊದಲು, ರಕ್ತ ಹರಿದ ಮೇಲೆ. 1970ರ ಫೆಬ್ರವರಿಯಲ್ಲಿ ನಕ್ಸಲ್ ಗುಂಪೊಂದು ತಿರುನೆಲ್ಲಿ ಮತ್ತು ತೃಶ್ಶಿಲೇರಿಯಲ್ಲಿ ಜಮೀನ್ದಾರರನ್ನು ಕೊಂದಿತು. ಮುಂದಾಳು ಎ. ವರ್ಗೀಸ್ ಅದೇ ತಿಂಗಳ 18ರಂದು ತಿರುನೆಲ್ಲಿ ಕಾಡಿನಲ್ಲಿ ಸತ್ತರು. ಎನ್‌ಕೌಂಟರ್ ಎಂದರು ಪೊಲೀಸರು. ಹಿಡಿದ ಮೇಲೆ, ಮೇಲಿನವರ ಆಜ್ಞೆಯಂತೆ ತಾನೇ ಗುಂಡು ಹೊಡೆದೆ ಎಂದು ರಾಮಚಂದ್ರನ್ ನಾಯರ್ ಎಂಬ ಮಾಜಿ ಪೇದೆ 1998ರಲ್ಲಿ ಬಾಯಿಬಿಟ್ಟರು. 2010ರಲ್ಲಿ ಸಿಬಿಐ ಕೋರ್ಟು ನಿವೃತ್ತ ಐಜಿ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಲವತ್ತು ವರ್ಷ ಬೇಕಾಯಿತು. ಧಣಿಗಳ ಕೊಲೆಯನ್ನು ನಾನು ಸಮರ್ಥಿಸುವುದಿಲ್ಲ. ಆದಿವಾಸಿ ಹಾಡಿಗೆ ಬಂದ ಪೊಲೀಸರು ಯಾರ ಪರವಾಗಿ ಬಂದಿದ್ದರು ಎಂಬುದು ಮಾತ್ರ ಅಲ್ಲಿಯ ಜನರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ 1970ರ ಜನವರಿ 1ರಿಂದ ಕೇರಳದ ಪ್ರಸಿದ್ಧ ಭೂಸುಧಾರಣೆ ಜಾರಿಯಾಯಿತು. ಉಳುವ ಗೇಣಿದಾರನಿಗೆ ಭೂಮಿ ಸಿಕ್ಕಿತು. ಅಡಿಯ ಗೇಣಿದಾರನಲ್ಲ, ಜೀತದವ. ಹಾಗಾಗಿ ಅವನು ಯಾವ ಪಟ್ಟಿಯಲ್ಲೂ ಬರಲಿಲ್ಲ. ಇನ್ನು ಜೀತವನ್ನು ರದ್ದು ಮಾಡಿದ ಸುಗ್ರೀವಾಜ್ಞೆ ಹೊರಟದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಅಂದರೆ ತುರ್ತುಪರಿಸ್ಥಿತಿಯಲ್ಲಿ, ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಒಂದು ಅಂಶವಾಗಿ. ದೇಶದ ಬಾಯಿಗೆಲ್ಲ ಬೀಗ ಬಿದ್ದಿದ್ದ ಹೊತ್ತಿನಲ್ಲಿ ಇವರ ಕಾಲಿನ ಸಂಕೋಲೆ ಕಳಚಿತು. ತುರ್ತುಪರಿಸ್ಥಿತಿಯ ಬಗ್ಗೆ ನಮ್ಮಲ್ಲಿ ಎಷ್ಟೋ ಪುಸ್ತಕ ಬಂದಿವೆ. ಈ ವಿಚಿತ್ರ ಅವುಗಳಲ್ಲಿ ಹೆಚ್ಚೆಂದರೆ ಒಂದು ಸಾಲು.

ನಿಜವಾದ ದ್ವೀಪಗಳಿಗೆ ಪ್ರಜಾಪ್ರಭುತ್ವ ಬಂದ ಬಗೆ ಬೇರೆ. ಮಾಲ್ಡೀವ್ಸ್ ಎಂಬ ದ್ವೀಪ ದೇಶವನ್ನು ಮೂವತ್ತು ವರ್ಷ ಆಳಿದ ಗಯೂಮ್ ಅವರನ್ನು 2008ರ ಮೊದಲ ಬಹುಪಕ್ಷೀಯ ಅಧ್ಯಕ್ಷ ಚುನಾವಣೆ ಇಳಿಸಿತು. ಅಲ್ಲಿ ಇಳಿಸಬೇಕಾದವನ ಮುಖ ಎಲ್ಲರಿಗೂ ಕಾಣುತ್ತಿತ್ತು. ವಯನಾಡಿನಲ್ಲಿ ಹಾಗಲ್ಲ. ಜೀತ ಹೋಯಿತು, ಧಣಿ ಹೋಗಲಿಲ್ಲ. ಗದ್ದೆ ಅವನದೇ, ಗುಡಿಸಲು ಹಾಕಿದ ಜಾಗವೂ ಅವನದೇ. ನಿನ್ನೆಯವರೆಗೆ ವರ್ಷಕ್ಕೆ ಕಟ್ಟುಬಿದ್ದವನು ಇಂದು ದಿನಗೂಲಿ. ಈಗಲೂ ಈ ಹಾಡಿಗಳ ಜನ ಕೊಡಗು, ಮೈಸೂರು ಜಿಲ್ಲೆಗಳ ಶುಂಠಿ ಹೊಲಗಳಿಗೆ ಜೀಪಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಹೊಲ ಕನ್ನಡಿಗರದು, ಗುತ್ತಿಗೆ ಹಿಡಿದವರು ಎಷ್ಟೋ ಕಡೆ ಮಲಯಾಳಿಗಳು, ಬಗ್ಗಿದ ಬೆನ್ನು ರಾವುಳರದು.

ಕಾನೂನು ಇರಲಿಲ್ಲ ಎಂದಲ್ಲ. ಪರಭಾರೆಯಾದ ಆದಿವಾಸಿ ಭೂಮಿಯನ್ನು ಮರಳಿಸುವ ಕಾಯ್ದೆಯನ್ನು ಕೇರಳ 1975ರಲ್ಲೇ ಮಾಡಿತು. ಅದಕ್ಕೆ ನಿಯಮ ಬರೆಯಲು 1986ರವರೆಗೆ ಕಾದರು. ವಯನಾಡಿನ ವೈದ್ಯ ನಲ್ಲ ತಂಬಿ ತೇರ ಹೈಕೋರ್ಟಿಗೆ ಹೋಗಿ, ಜಾರಿ ಮಾಡಿ ಎಂಬ ಆದೇಶವನ್ನು 1993ರಲ್ಲಿ ತಂದರು. ಆಗ ಏನಾಯಿತು ಗೊತ್ತೇ? ಭೂಮಿ ಬಿಡಿಸುವ ಬದಲು ಕಾಯ್ದೆಯನ್ನೇ ಸಡಿಲಿಸುವ ತಿದ್ದುಪಡಿಯನ್ನು 1996ರಲ್ಲಿ ವಿಧಾನಸಭೆ ಅಂಗೀಕರಿಸಿತು. ಎಡವೂ ಒಂದೇ, ಬಲವೂ ಒಂದೇ. ವಿರೋಧಿಸಿದ್ದು ಶಾಸಕಿ ಕೆ.ಆರ್. ಗೌರಿಯಮ್ಮ ಒಬ್ಬರೇ. ಆ ಭೂಮಿ ಕೊಂಡವರು ವೋಟಿನ ಲೆಕ್ಕದಲ್ಲಿ ದೊಡ್ಡವರು, ಕಳೆದುಕೊಂಡವರು ಚಿಕ್ಕವರು. ಬಹುಮತ ಎಂಬುದು ಹಾಡಿಯಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ರಾಷ್ಟ್ರಪತಿಗಳ ಅಂಕಿತ ಸಿಗದೆ ಆ ಮಸೂದೆ ಬಿದ್ದಿತು. 1999ರಲ್ಲಿ ಇನ್ನೊಂದು ರೂಪದಲ್ಲಿ ಎದ್ದಿತು.

ಈ ಹಿನ್ನೆಲೆಯಲ್ಲಿ ಸಿ.ಕೆ. ಜಾನು ಬಂದರು. ತೃಶ್ಶಿಲೇರಿಯ ಅಡಿಯ ಹುಡುಗಿ. ಎಳೆಯ ಪ್ರಾಯದಲ್ಲೇ ಬೇರೆಯವರ ಮನೆಗೆಲಸಕ್ಕೆ ಹೋದವರು, ಶಾಲೆಯ ಮುಖ ನೋಡದೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು, ಕಮ್ಯುನಿಸ್ಟ್ ಪಕ್ಷದ ಕೃಷಿ ಕಾರ್ಮಿಕ ಸಂಘದಲ್ಲಿ ದುಡಿದು ಹೊರಬಂದವರು. ಹಸಿವಿನ ಸಾವುಗಳ ಸುದ್ದಿ ಬಂದ 2001ರಲ್ಲಿ ಅವರೂ ಹೋರಾಟದ ಜೊತೆಗಾರ ಎಂ. ಗೀತಾನಂದನ್ ಅವರೂ ತಿರುವನಂತಪುರದ ಸೆಕ್ರೆಟೇರಿಯಟ್ ಎದುರೇ ಗುಡಿಸಲು ಕಟ್ಟಿಸಿದರು. ಬೇಡುವವರು ಅರ್ಜಿ ಹಿಡಿದು ಹೋಗುವುದು ವಾಡಿಕೆ. ಇವರು ಸಂಸಾರ ಹೂಡಿಬಿಟ್ಟರು. 48 ದಿನಗಳ ನಂತರ, ಅಕ್ಟೋಬರ್ 16ರಂದು ಮುಖ್ಯಮಂತ್ರಿ ಎ.ಕೆ. ಆಂಟನಿ ಒಪ್ಪಂದ ಮಾಡಿಕೊಂಡರು: ಭೂಹೀನ ಕುಟುಂಬಕ್ಕೆ ಒಂದರಿಂದ ಐದು ಎಕರೆ, ಆದಿವಾಸಿ ಪ್ರದೇಶಗಳನ್ನು ಸಂವಿಧಾನದ ಐದನೇ ಅನುಸೂಚಿಗೆ ಸೇರಿಸಲು ಯತ್ನ. ಮಾತು ನಡೆಯದಿದ್ದಾಗ 2003ರ ಜನವರಿಯಲ್ಲಿ ಇವರ ಸಂಘಟನೆ ಆದಿವಾಸಿ ಗೋತ್ರ ಮಹಾಸಭಾದ ಕುಟುಂಬಗಳು ವಯನಾಡಿನ ಮುತ್ತಂಗ ಕಾಡಿಗೆ ಹೊಕ್ಕು ತಮ್ಮದೇ ಊರುಸಭೆ ನಡೆಸಿದವು. ಫೆಬ್ರವರಿ 19ರಂದು ಗುಂಡು ಹಾರಿತು. ಜೋಗಿ ಎಂಬ ಆದಿವಾಸಿ ಸತ್ತರು, ಒಬ್ಬ ಪೇದೆಯೂ ಸತ್ತರು. 2014ರಲ್ಲಿ ಮತ್ತೆ ಸೆಕ್ರೆಟೇರಿಯಟ್ ಎದುರು ನಿಲ್ಪು ಸಮರ: 162 ದಿನ, ಕೂರದೆ ನಿಂತೇ ಧರಣಿ. ಮತ್ತೊಂದು ಒಪ್ಪಂದ.

ಚುನಾವಣೆ ಏನೂ ಕೊಡಲಿಲ್ಲ ಎಂದರೆ ತಪ್ಪಾದೀತು. ಅಡಿಯರ ಗದ್ದಿಕ ಕಲೆಯ ದೊಡ್ಡ ಹೆಸರಾದ ಪಿ.ಕೆ. ಕಾಳನ್ ತಿರುನೆಲ್ಲಿ ಪಂಚಾಯಿತಿಯ ಅಧ್ಯಕ್ಷರಾಗಿದ್ದರು. ನಂತರ ಅದೇ ಕುರ್ಚಿಯಲ್ಲಿ ಕೂತ ಒ.ಆರ್. ಕೇಳು ಮಾನಂದವಾಡಿ ಶಾಸಕರಾಗಿ 2024ರ ಜೂನ್‌ನಲ್ಲಿ ಸಚಿವರಾದರು. ಅವರಿಗೂ ಮೊದಲು 2011ರಲ್ಲಿ ಪಿ.ಕೆ. ಜಯಲಕ್ಷ್ಮಿ ಇದೇ ಕ್ಷೇತ್ರದಿಂದ ಗೆದ್ದು ಸಚಿವೆಯಾಗಿದ್ದರು. ಕೇಳು, ಜಯಲಕ್ಷ್ಮಿ ಇಬ್ಬರೂ ಕುರಿಚ್ಯ ಬುಡಕಟ್ಟಿನವರು. ಕುರಿಚ್ಯರಿಗೆ ಹಿಂದಿನಿಂದಲೂ ಸ್ವಂತ ಬೇಸಾಯವಿತ್ತು. ಕಾಲಡಿ ನೆಲವಿದ್ದವರಿಗೆ ವಿಧಾನಸಭೆಯ ಮೆಟ್ಟಿಲು ಬೇಗ ಸಿಕ್ಕಿತು, ಅಷ್ಟೇ. ಇನ್ನು ಹಾಡಿಗೊಂದು ಊರುಕೂಟ ಎಂಬ ಸಭೆ ಕೇರಳದಲ್ಲಿದೆ. ಮನೆ, ರಸ್ತೆ, ಕೊಳವೆಬಾವಿಯ ಫಲಾನುಭವಿ ಪಟ್ಟಿ ಅಲ್ಲಿ ಓದುತ್ತಾರೆ. ಕಾಡು, ನೆಲದ ವಿಷಯ ಬಂದರೆ ಮಾತು ಅರಣ್ಯ ಇಲಾಖೆಯದೇ.

ಸೇತುವೆಯ ಈಚೆ ಬಂದು ನಾವು ಬೀಗುವಂತಿಲ್ಲ. ನಾಗರಹೊಳೆಯಿಂದ ಹೊರಹಾಕಿದ ಕುಟುಂಬಗಳನ್ನು ಲೆಕ್ಕ ಹಾಕಿದ ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಕೊಟ್ಟ ಸಂಖ್ಯೆ 3,418. ಜನರನ್ನು ಎಬ್ಬಿಸಿದ ಅದೇ ಕಾಡಿನ ಮೂರ್ಕಲ್‌ನಲ್ಲಿ ತಾಜ್ ಹೋಟೆಲಿಗೆ ಜಾಗ ಕೊಟ್ಟಿದ್ದೂ ನಮ್ಮ ಸರ್ಕಾರವೇ. ಹಾಡಿಯವರು ಬೀದಿಗಿಳಿದರು, ಹೈಕೋರ್ಟಿಗೂ ಹೋದರು, 1997ರಲ್ಲಿ ಗೆದ್ದರು. ಕೊಡಗಿನ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬರು 2025ರ ಮೇ ತಿಂಗಳಲ್ಲಿ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದರು. ಅವರು ಕೈಯಲ್ಲಿ ಹಿಡಿದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಹಕ್ಕು ಯಾರದೆಂಬ ಪರಿಶೀಲನೆಯನ್ನು ಆ ಕಾಯ್ದೆ ಮೊದಲು ಗ್ರಾಮಸಭೆಗೆ ಬಿಟ್ಟಿದೆ. ಇಲಾಖೆ ಹೊರಡಿಸಿದ್ದು ತೆರವಿನ ನೋಟಿಸು.

ಆದಿವಾಸಿ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆ 1996ರಿಂದ ಇದೆ. ಅದು ಅನ್ವಯಿಸುವುದು ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ದೇಶದ ಹತ್ತು ರಾಜ್ಯಗಳಲ್ಲಿ ಅಂಥ ಪ್ರದೇಶಗಳಿವೆ. ಬಾವಲಿ ಸೇತುವೆಯ ಆಚೆಗಿನ ಕೇರಳ ಆ ಹತ್ತರಲ್ಲಿಲ್ಲ, ಈಚೆಗಿನ ಕರ್ನಾಟಕವೂ ಇಲ್ಲ.