ಹಗ್ಗ ಕೊರೆದ ಕಲ್ಲು, ಓರೆ ಬಿಸಿಲು

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳೆಯ ಸೇದುವ ಬಾವಿ ಕಂಡರೆ ಅದರ ಕಟ್ಟೆಯ ಅಂಚನ್ನು ಒಮ್ಮೆ ಸವರಿ ನೋಡಿ. ಕೊಳವೆ ಬಾವಿ ಬಂದು ನೀರು ಪಾತಾಳಕ್ಕಿಳಿದ ಮೇಲೆ ಅಲ್ಲಿ ಕೊಡ ಇಳಿಯುವುದಿಲ್ಲ. ಆದರೆ ತಲೆಮಾರುಗಟ್ಟಲೆ ಹಗ್ಗ ಉಜ್ಜಿದ ಕಡೆ ಕಲ್ಲಿನಲ್ಲಿ ತೋಡು ಬಿದ್ದಿರುತ್ತದೆ, ಬೆರಳಿಟ್ಟರೆ ಕೂರುತ್ತದೆ. ಮಧ್ಯಾಹ್ನ ಮೊಬೈಲಿನಲ್ಲಿ ಅದರ ಫೋಟೊ ತೆಗೆದರೆ ಮಾತ್ರ ಬರೀ ಬೂದು ಚಪ್ಪಡಿ ಬರುತ್ತದೆ.

ತಪ್ಪು ಫೋನಿನದಲ್ಲ. ಸವೆತ, ಬಿರುಕು, ತುಕ್ಕಿನ ಹಕ್ಕಳೆ ಇವೆಲ್ಲ ಕಣ್ಣಿಗೆ ಕಾಣುವುದು ಅವುಗಳ ಪುಟ್ಟ ನೆರಳಿನಿಂದ. ಬೆಳಕು ನೇರ ಮೇಲಿಂದ ಬಿದ್ದರೆ ತೋಡಿಗೆ ನೆರಳೇ ಇರುವುದಿಲ್ಲ. ಬೆಳಿಗ್ಗೆ ಏಳು ಗಂಟೆಯ ಬಿಸಿಲು ಚಪ್ಪಡಿಯನ್ನು ಸವರಿಕೊಂಡು ಹೋಗುವಾಗ ತೋಡಿನ ಒಂದು ದಡ ಹೊಳೆದು ಇನ್ನೊಂದು ಕಪ್ಪಾಗುತ್ತದೆ.

ಹಾಗೆಂದು ಬೆಳಗೇ ಒಳ್ಳೆಯದೆಂದು ಹೊರಟರೆ ಮೋಸ. ಅದು ಮಲಗಿದ ಕಲ್ಲಿಗೆ ಸರಿ. ನಿಂತ ಕಲ್ಲಿಗೆ, ಗೋಡೆಗೆ, ಬಾಗಿಲಿಗೆ ಲೆಕ್ಕ ತಿರುವುಮುರುವು. ಪೂರ್ವಕ್ಕೆ ಮುಖ ಮಾಡಿದ ವೀರಗಲ್ಲಿಗೆ ಮುಂಜಾನೆಯ ಬಿಸಿಲು ಎದೆಗೇ ಹೊಡೆದು ಕೆತ್ತನೆಯನ್ನು ಚಪ್ಪಟೆ ಮಾಡುತ್ತದೆ. ಅದೇ ಕಲ್ಲು ಹನ್ನೊಂದೂವರೆ ಹೊತ್ತಿಗೆ, ಸೂರ್ಯ ಅದರ ನೆತ್ತಿ ದಾಟುವ ಮುನ್ನ, ಕತ್ತಿ ಹಿಡಿದ ಕೈಯನ್ನೂ ತೋರಿಸುತ್ತದೆ. ಉತ್ತರ ಮುಖದ ಗೋಡೆಗೆ ವರ್ಷದ ಲೆಕ್ಕವೇ ಬೇರೆ. ಕೋಲಾರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಡುಹಗಲ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಕಂಡ ಕೆತ್ತನೆ ಸಂಕ್ರಾಂತಿ ಮಧ್ಯಾಹ್ನ ಕಾಣದಿದ್ದರೆ ಕಣ್ಣು ಮಂದವಾಯಿತೆಂದು ಹೆದರಬೇಕಿಲ್ಲ.

ಇನ್ನು ಫೋನಿನ ವಿಚಾರ. ಕತ್ತಲೆ ಕಂಡಲ್ಲೆಲ್ಲ ಬೆಳಕು ತುಂಬುವುದು ಅದರ ಚಟ. ನೀವು ಕಾದು ಹಿಡಿದ ನೆರಳನ್ನು ಅದು ಉಪಕಾರವೆಂದು ಅಳಿಸಿಬಿಡುತ್ತದೆ. ಪರದೆಯಲ್ಲಿ ಹೊಳೆಯುವ ಭಾಗವನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಫ್ಲ್ಯಾಷ್ ಬೇಡವೇ ಬೇಡ. ತೀರಾ ಹತ್ತಿರ ಹೋದರೆ ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. ಅದಕ್ಕೂ ಮೊದಲು ಲೆನ್ಸ್ ಒರೆಸಿ.

ಬಣ್ಣಕ್ಕೆ ಮಳೆ ನಿಲ್ಲುವುದನ್ನು ಕಾಯಬೇಕು. ಒಣ ಹೆಂಚಿನ ಒರಟು ಮೈ ಬೆಳಕನ್ನು ದಿಕ್ಕಾಪಾಲಾಗಿ ಚದುರಿಸಿ ಮಂಕಾಗಿ ಕಾಣುತ್ತದೆ. ನೀರು ಆ ರಂಧ್ರಗಳನ್ನು ತುಂಬಿದಾಗ ಕೆಂಪು ಗಾಢವಾಗುತ್ತದೆ. ಮಾಲೂರು ಹೆಂಚು, ಇಟ್ಟಿಗೆಯ ಊರು. ಅಲ್ಲಿ ಇಂಥ ಕೆಂಪಿಗೆ ಬರವಿಲ್ಲ. ಇಳಿಸಿಟ್ಟ ಹಳೆಯ ಮಂಗಳೂರು ಮಾದರಿ ಹೆಂಚು ಸಿಕ್ಕರೆ ಮಗುಚಿ ನೋಡಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಈ ಕಸುಬಿನಲ್ಲಿ ಹೆಂಚಿಗೆ ಕಾರ್ಖಾನೆಯ ಹೆಸರು ಅಚ್ಚೊತ್ತುವ ರೂಢಿಯಿತ್ತು. ಮೇಲ್ಮೈಯ ಪಾಚಿಗಿಂತ ಆ ಅಕ್ಷರವೇ ನನಗೆ ಹೆಚ್ಚು ಇಷ್ಟ.

ಶಾಸನದ ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ, ಕಲ್ಲುಹೂವನ್ನು ಕೆರೆಯಬೇಡಿ. ಶಾಸನ ತಜ್ಞ ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆಯ 10ನೇ ಸಂಪುಟದಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಶಾಸನಗಳನ್ನೂ ಅಚ್ಚು ಹಾಕಿಸಿದರು. ಅಂಥ ಕಲ್ಲುಗಳು ಹೊಲದ ಬದುವಿನಲ್ಲೂ ನಿಂತಿರುತ್ತವೆ. ಸಂಜೆಗತ್ತಲಲ್ಲಿ ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದರೆ ಸಾಕು, ಸವೆದ ಅಕ್ಷರ ಎದ್ದು ಬರುತ್ತದೆ.

ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಇನ್ನೊಂದು ತೊಂದರೆ. "ಏನಪ್ಪಾ, ನಿಧಿಗಿಧಿ ಹುಡುಕ್ತಿದೀರಾ?" ಎಂದು ಹೊಲದ ಯಜಮಾನರು ಬಂದೇ ಬರುತ್ತಾರೆ. ಮೊದಲೇ ಕೇಳಿಕೊಂಡು ಹೋಗಿ. ಆಗ ಟಾರ್ಚ್ ಹಿಡಿಯುವವರೂ ಅವರೇ.