ಪಿತ್ತಜನಕಾಂಗದ ಕಾಲುವೆ ಕಟ್ಟಿಕೊಂಡಾಗ



ರಕ್ತದೊತ್ತಡ ಅಂದರೆ ನಿಮಗೆಲ್ಲ ಗೊತ್ತು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ ನೋಡುತ್ತಾರಲ್ಲ, ಅದು. ಆದರೆ ಆ ಪಟ್ಟಿಗೆ ಸಿಕ್ಕದ ಇನ್ನೊಂದು ಒತ್ತಡ ಉಂಟು. ಅದು ಹೊಟ್ಟೆಯೊಳಗೆ, ಪಿತ್ತಜನಕಾಂಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ಏರುವಂಥದು. ತೋಳಿನ ಒತ್ತಡ ಸರಿಯಾಗಿದ್ದರೂ ಇದು ಏರಿರಬಹುದು. ಡಾಕ್ಟರು ಇದನ್ನು ಪೋರ್ಟಲ್ ಹೈಪರ್‌ಟೆನ್ಷನ್ ಎನ್ನುತ್ತಾರೆ. ಹೆಸರು ಮರೆತರೂ ಚಿಂತೆಯಿಲ್ಲ, ಸಂಗತಿ ನೆನಪಿರಲಿ.

ಪಿತ್ತಜನಕಾಂಗ, ಅಂದರೆ ಲಿವರ್, ಬಲಗಡೆ ಪಕ್ಕೆಲುಬಿನ ಅಡಿಯಲ್ಲಿದೆ. ಜಠರ, ಕರುಳು, ಗುಲ್ಮಗಳ ರಕ್ತ ಒಂದು ದೊಡ್ಡ ನಾಳದಲ್ಲಿ ಕೂಡಿ, ಉಂಡ ಅನ್ನದ ಸಾರವನ್ನು ಹೊತ್ತು ಅಲ್ಲಿಗೆ ಬರುತ್ತದೆ. ಪಿತ್ತಜನಕಾಂಗಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ನಾಳದ್ದೇ.

ನಿಮ್ಮ ತೋಟವನ್ನೇ ನೋಡಿ. ಕಾಲುವೆಯ ನೀರು ಮಡಿಮಡಿಗೆ ಹರಡಿ, ಮೆತ್ತನೆ ಮಣ್ಣಿನಲ್ಲಿ ನಿಧಾನವಾಗಿ ಇಳಿದು, ಆಚೆ ಹಳ್ಳ ಸೇರುತ್ತದೆ. ಮಣ್ಣೇ ಕಲ್ಲಿನ ಹಾಗೆ ಗಟ್ಟಿಯಾದರೆ? ನೀರು ಹಿಂದಕ್ಕೆ ಒತ್ತುತ್ತದೆ, ಕಾಲುವೆ ಉಬ್ಬುತ್ತದೆ. ಬದು ಎಲ್ಲಿ ತೆಳುವೋ ಅಲ್ಲಿ ದಾರಿ ಮಾಡಿಕೊಳ್ಳುತ್ತದೆ. ದೇಹದಲ್ಲೂ ಹೀಗೆಯೇ. ಪಿತ್ತಜನಕಾಂಗ ಗಾಯವಾಗಿ ಗಂಟುಗಟ್ಟಿದರೆ ರಕ್ತಕ್ಕೆ ದಾರಿ ಸಾಲದು. ಆಗ ಗುಲ್ಮ ದೊಡ್ಡದಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅನ್ನನಾಳದ ಕೆಳತುದಿಯ ತೆಳು ನಾಳಗಳು ಉಬ್ಬಿಕೊಳ್ಳುತ್ತವೆ. ಅಪಾಯ ಇರುವುದು ಅಲ್ಲಿಯೇ.

ಈ ನಾಳದ ಸಹಜ ಒತ್ತಡ ತೀರ ಕಡಿಮೆ, ಪಾದರಸದ ಅಳತೆಯಲ್ಲಿ 5ರಿಂದ 10 ಮಿಲಿಮೀಟರು. ಪಿತ್ತಜನಕಾಂಗದ ಒಳಕ್ಕೆ ಬರುವ ನಾಳಕ್ಕೂ ಹೊರಕ್ಕೆ ಹೋಗುವ ನಾಳಕ್ಕೂ ಇರುವ ಒತ್ತಡದ ಅಂತರ 10 ಮುಟ್ಟಿದರೆ ಅನ್ನನಾಳದ ನಾಳಗಳು ಉಬ್ಬಬಹುದು. 12 ಮುಟ್ಟಿದರೆ ಒಡೆಯುವ ಭಯ.

"ಇದು ಕುಡುಕರ ರೋಗ ತಾನೆ?" ಅಂತೀರಾ? ಹೆಂಡ, ಬ್ರಾಂದಿ ದೊಡ್ಡ ಕಾರಣವೇ ಸರಿ. ಆದರೆ ತೊಟ್ಟು ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸು, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬು, ಇವೂ ಪಿತ್ತಜನಕಾಂಗವನ್ನು ಗಟ್ಟಿ ಮಾಡುತ್ತವೆ. ಕೆಲವು ಮಕ್ಕಳಲ್ಲಿ ಪಿತ್ತಜನಕಾಂಗ ಚೆನ್ನಾಗಿದ್ದರೂ ನಾಳದಲ್ಲಿಯೇ ರಕ್ತ ಹೆಪ್ಪುಗಟ್ಟಿ ಒತ್ತಡ ಏರುತ್ತದೆ. ಆದ್ದರಿಂದ ರೋಗಿಯನ್ನು ಹೀಯಾಳಿಸಬೇಡಿ. ನಾಚಿಕೆಯಿಂದ ಮುಚ್ಚಿಟ್ಟ ರೋಗ ಒಳಗೇ ಬಲಿಯುತ್ತದೆ.

ಮೊದಮೊದಲು ಏನೂ ತಿಳಿಯದು. ಆಮೇಲೆ ಎಡಪಕ್ಕೆಯ ಕೆಳಗೆ ಭಾರ, ಹೊಟ್ಟೆ ಊದುವುದು, ಕಾಲು ಬಾವು, ಕಣ್ಣು ಹಳದಿಯಾಗುವುದು ಕಾಣಬಹುದು. ರಾತ್ರಿ ನಿದ್ದೆಯಿಲ್ಲದೆ ಹಗಲೆಲ್ಲ ತೂಕಡಿಸುವುದು, ಮಾತು ತಡವರಿಸುವುದು, ಮನೆಯವರ ಗುರುತು ತಪ್ಪುವುದು ಕಂಡರೆ ಅದನ್ನು ಗಾಳಿ, ಸೋಂಕು ಎಂದು ಮಂತ್ರ ಹಾಕಿಸುತ್ತ ಕೂರಬೇಡಿ. ಕೆಟ್ಟ ಪದಾರ್ಥ ಶುದ್ಧಿಯಾಗದೆ ಮಿದುಳಿಗೆ ಮುಟ್ಟಿರಬಹುದು.

ರಕ್ತ ವಾಂತಿಯಾದರೆ, ಅಥವಾ ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಹೋದರೆ, ಬೆಳಗಾಗಲಿ ಎಂದು ಕಾಯಬೇಡಿ. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿ. ಅಲ್ಲಿ ಬಾಯಿಯ ಮೂಲಕ ನಳಿಗೆ ಇಳಿಸಿ, ಒಡೆದ ನಾಳಕ್ಕೆ ರಬ್ಬರು ಬಳೆ ಬಿಗಿದು ರಕ್ತ ನಿಲ್ಲಿಸುತ್ತಾರೆ. ಒಡೆಯುವ ಮೊದಲೇ ಗೊತ್ತಾದರೆ ಇನ್ನೂ ಒಳ್ಳೆಯದು. ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಎಂಬ ಮಾತ್ರೆಗಳು ಆ ಒತ್ತಡವನ್ನು ತಗ್ಗಿಸುತ್ತವೆ. ಮೈ ಹಗುರಾಯಿತೆಂದು ನೀವೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಮದ್ಯ ಪೂರ್ತಿ ಬಿಡಬೇಕು; "ಒಂದೇ ಗುಟುಕು" ಕೂಡ ಬೇಡ. ಕುಡಿತ ಹಳೆಯದಾದರೆ ಡಾಕ್ಟರ ಸಹಾಯದಿಂದಲೇ ಬಿಡಿಸಿ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರವಿಡಿ. ಪಥ್ಯವೆಂದು ಗಂಜಿಯ ಮೇಲೆ ಸೊರಗಿಸಬೇಡಿ. ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕೇ ಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ತಂದು ನುಂಗಿಸಬೇಡಿ. ಕಾಮಾಲೆಗೆ ಗೊತ್ತಿಲ್ಲದ ಬೇರು ಅರೆದು ಕುಡಿಸುವುದೂ ಬೇಡ. ಕೆಲವು ಮದ್ದುಗಳೇ ಪಿತ್ತಜನಕಾಂಗವನ್ನು ಕೆಡಿಸುತ್ತವೆ.

ಕೊನೆಗೆ, ಬರದಂತೆ ತಡೆಯುವ ಮಾತು. ಹುಟ್ಟಿದ ಕೂಸಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನೂ ತಪ್ಪಿಸಬೇಡಿ. ಒಬ್ಬರಿಗೆ ಚುಚ್ಚಿದ ಸೂಜಿ, ಒಬ್ಬರು ಬಳಸಿದ ಕ್ಷೌರದ ಬ್ಲೇಡು ಇನ್ನೊಬ್ಬರಿಗೆ ಬೇಡ. ಹೆಪಟೈಟಿಸ್ ಸಿ ಇದ್ದರೂ ಎದೆಗುಂದಬೇಡಿ. ಬಹುಮಂದಿಗೆ 12 ವಾರಗಳ ಮಾತ್ರೆಯಿಂದಲೇ ಅದು ವಾಸಿಯಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಪರೀಕ್ಷೆ, ಔಷಧಗಳನ್ನು ಉಚಿತವಾಗಿ ಕೊಡುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಬದು ಒಡೆದ ಮೇಲೆ ಮಣ್ಣು ಹೊರುವುದಕ್ಕಿಂತ ಹೂಳು ತುಂಬುವ ಮೊದಲೇ ಕಾಲುವೆ ನೋಡಿಕೊಳ್ಳುವವನು ಜಾಣ ರೈತ. ಮೈಗೂ ಅದೇ ಬೇಸಾಯ.