ಉಕ್ಕಿನ ಆನೆಗೆ ಹೊಗೆಯ ಮರೆ

ಅರಸೀಕೆರೆಯಿಂದ ವಿದ್ಯಾರ್ಥಿಗಳೊಡನೆ ಹೊರಟ ನಮ್ಮ ಪ್ರವಾಸದ ಮೊದಲ ತಂಗುದಾಣ ಹಳೇಬೀಡು. ಹೊಯ್ಸಳೇಶ್ವರನ ಗುಡಿಯ ಹೊರಭಿತ್ತಿಯಲ್ಲಿ ಕಡೆದಿರುವ ಚಕ್ರವ್ಯೂಹದ ಮುಂದೆ ನಿಂತು, ಅಭಿಮನ್ಯುವಿನ ಮರಣದಿಂದ ಸೈಂಧವವಧೆಯವರೆಗಿನ ಕಥೆಯನ್ನು ಹೇಳಿದೆ. ಶ್ರೀಕೃಷ್ಣನು ಸೂರ್ಯನಿಗೆ ಚಕ್ರವನ್ನು ಮರೆಯೊಡ್ಡಿದ. ಕತ್ತಲಾಯಿತೆಂದು ನಂಬಿ ಸೈಂಧವ ತಲೆಯೆತ್ತಿದ. “ಈಗಿನ ಯುದ್ಧದಲ್ಲಿ ಇಂಥ ಮಾಯೆ ನಡೆದೀತೆ, ಸಾರ್?” ಎಂದ ಒಬ್ಬ ಹುಡುಗ.

ಉತ್ತರ ದೊರೆತದ್ದು ಬೇಲೂರಿನ ಚೆನ್ನಕೇಶವನ ದರ್ಶನ ಮುಗಿಸಿ ಮರುದಿನ ಮಡಿಕೇರಿಯನ್ನು ಸೇರಿದಾಗ. ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ‘ಸನ್ನಿ ಸೈಡ್’ ೨೦೨೧ರಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದಲ್ಲಿ ಟಿ-೫೫ ಟ್ಯಾಂಕೊಂದು ನಿಂತಿದೆ. ಸುಮಾರು ೩೬ ಟನ್ ತೂಗುವ, ನಾಲ್ವರು ಸೈನಿಕರನ್ನು ಒಡಲಲ್ಲಿ ಹೊತ್ತು ಸಾಗುವ ಈ ಉಕ್ಕಿನ ಆನೆಗೂ ಅವಿತುಕೊಳ್ಳುವ ಕಾಲ ಬರುವುದುಂಟು. ಆಗ ಚಾಲಕನು ಇಂಜಿನ್ನಿನ ಕಾದ ಹೊಗೆಕೊಳವೆಯೊಳಕ್ಕೆ ಡೀಸೆಲನ್ನು ಚಿಮ್ಮಿಸುತ್ತಾನೆ. ಆವಿಯಾದ ಎಣ್ಣೆ ಹೊರಗಿನ ತಂಪುಗಾಳಿ ತಾಗಿ ಬಿಳಿಯ ಮಂಜಾಗುತ್ತದೆ. ಮಡಿಕೇರಿಯಲ್ಲಿ ಮಂಜನ್ನು ವಿವರಿಸಲು ನನಗೇನೂ ಕಷ್ಟವಾಗಲಿಲ್ಲ!

ಆದರೆ ಈ ಮಂಜು ಟ್ಯಾಂಕಿನ ಹಿಂದೆ ಏಳುತ್ತದೆ, ಶತ್ರುವಿರುವುದು ಮುಂದೆ. ಆದುದರಿಂದಲೇ ನಮ್ಮ ಸೇನೆಯ ಟಿ-೯೦ ‘ಭೀಷ್ಮ’ನ ತಿರುಗುಗೋಪುರದ ಎರಡು ಪಕ್ಕಗಳಲ್ಲಿ ಆರಾರು ಕೊಳವೆಗಳಿವೆ. ಒಳಗಿನಿಂದ ಗುಂಡಿಯೊತ್ತಿದರೆ ೮೧ ಮಿಲಿಮೀಟರ್ ಅಗಲದ ಹೊಗೆಗುಂಡುಗಳು ಹಾರಿ, ಸುಮಾರು ೩೦೦ ಮೀಟರ್ ಮುಂದೆ ತೆರೆಯೆಳೆಯುತ್ತವೆ. ಇಂಥ ಗುಂಡುಗಳಲ್ಲಿ ಹಲವು ದೇಶಗಳು ಬಳಸುವ ಕೆಂಪು ರಂಜಕವು ನಮ್ಮ ಅಡಿಗೆಮನೆಗಳಿಗೆ ಅಪರಿಚಿತವಲ್ಲ: ಬೆಂಕಿಪೊಟ್ಟಣದ ಗೀರುವ ಪಟ್ಟಿಯಲ್ಲಿರುವುದೂ ಅದೇ. ಅದು ಉರಿದಾಗ ಹುಟ್ಟುವ ಆಮ್ಲಜನಕಸಂಯುಕ್ತವು ಗಾಳಿಯ ತೇವವನ್ನು ಹೀರಿ ದಟ್ಟ ಮೋಡವಾಗುತ್ತದೆ.

ಕಣ್ಣಿಗಷ್ಟೇ ಮರೆಯಾದರೆ ಈಗ ಸಾಲದು. ಶತ್ರುವಿನ ಉಷ್ಣದರ್ಶಕವು ಇಂಜಿನ್ನಿನ ಕಾವನ್ನೇ ಕಾಣುತ್ತದೆ. ಸಾಮಾನ್ಯ ಹೊಗೆಯ ಕಣಗಳು ತೀರ ಸಣ್ಣವು. ಶಾಖಕಿರಣದ ಅಲೆಯು ಅವುಗಳ ನಡುವೆ, ರಾಗಿಯ ಹೊಲದಲ್ಲಿ ಆನೆ ನಡೆದಂತೆ, ತಡೆಯಿಲ್ಲದೆ ಸಾಗಿಬಿಡುತ್ತದೆ. ಅದನ್ನು ತಡೆಯಲೆಂದು ಹೊಸ ಬಗೆಯ ಗುಂಡುಗಳಲ್ಲಿ ಹಿತ್ತಾಳೆಯ ಸಣ್ಣ ಚಕ್ಕೆಗಳನ್ನು ತುಂಬುವುದುಂಟು. ಗುರಿಯಿಡುವ ಲೇಸರ್ ಕಿರಣ ಮೈಮೇಲೆ ಬಿದ್ದೊಡನೆ ತಾನಾಗಿಯೇ ಗುಂಡು ಹಾರಿಸುವ ವ್ಯವಸ್ಥೆಗಳೂ ಇವೆ.

ಇಷ್ಟಾದರೂ ಹೊಗೆ ಯಾರ ಪಕ್ಷದ್ದೂ ಅಲ್ಲ. ಗಾಳಿ ತಿರುಗಿದರೆ ತೆರೆ ಹರಿಯುತ್ತದೆ. ಮರೆಯಲ್ಲಿರುವವನಿಗೂ ಎದುರಾಳಿ ಕಾಣಿಸುವುದಿಲ್ಲ. ಉರಿಯುವ ರಂಜಕದ ತುಣುಕುಗಳು ಜೊತೆಯಲ್ಲಿ ನಡೆದು ಬರುವ ಸ್ವಂತ ಕಾಲಾಳುಗಳನ್ನೇ ಸುಡಬಹುದು. ಟ್ಯಾಂಕಿನ ನಾಯಕನು ಇವೆಲ್ಲವನ್ನೂ ಕೆಲವೇ ಕ್ಷಣಗಳಲ್ಲಿ ತೂಗಿ ನೋಡಬೇಕು.

“ಮರೆಯಾದ ಮೇಲೆ ಎಲ್ಲಿಗೆ ಹೋಗುತ್ತಾರೆ, ಸಾರ್?” ಎಂದು ಅದೇ ಹುಡುಗ ಮತ್ತೆ ಕೇಳಿದ. ಬಹುಮಟ್ಟಿಗೆ ಹಿಂದಕ್ಕೆ, ಎಂದೆ. ಶತ್ರುವಿಗೆ ಬೆನ್ನು ತೋರಿಸದೆ, ಏಕೆಂದರೆ ಕವಚ ದಪ್ಪವಾಗಿರುವುದು ಮುಂಭಾಗದಲ್ಲಿಯೇ. ಹೊಗೆಯ ಆಯುಸ್ಸು ಒಂದೆರಡು ನಿಮಿಷ. ನಮ್ಮ ಸೇನೆಯ ಟಿ-೭೨ ‘ಅಜೇಯ’ನು ಹಿಮ್ಮುಖವಾಗಿ ಚಲಿಸಬಲ್ಲ ವೇಗ ಗಂಟೆಗೆ ಸುಮಾರು ೪ ಕಿಲೋಮೀಟರ್. ಹಿಂದಿನ ದಿನ ನಾವು ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿದ್ದು ಹೆಚ್ಚುಕಡಿಮೆ ಅದೇ ವೇಗದಲ್ಲಿ.